ಗಾಳಿ ಕಂಪನಿಯ ಆರರ ಲೆಕ್ಕ

ಚನ್ನಗಿರಿ
11 ಜೂನ್ 2024

ಮಾವ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಎಂದು ಅಜ್ಜಿ ಫೋನಿನಲ್ಲಿ ಹೇಳಿದ್ದಾಳೆ, ಆದ್ದರಿಂದ ಅದನ್ನು ಕೇಳುವುದಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡಿ. ಭಾನುವಾರ ನೀವು ನನಗೆ ನಾಲ್ಕು ಮೆಸೇಜ್ ಕಳಿಸಿದಿರಿ. ನಾನು ತೆರೆದು ನೋಡುವಷ್ಟರಲ್ಲಿ ಎರಡನ್ನು ಅಳಿಸಿದ್ದಿರಿ. ಏನಿತ್ತು ಎಂದರೆ "ಏನಿಲ್ಲ ಬಿಡು" ಎಂದಿರಿ. ಏನಿಲ್ಲದ್ದನ್ನು ಯಾರೂ ಅಳಿಸುವುದಿಲ್ಲ. ಕಾಗದದಲ್ಲಿ ಬರೆದದ್ದು ಬರೆದ ಹಾಗೇ ಇರುತ್ತದೆ. ಇನ್ನು ಈ ವಿಷಯ ಕಾಗದದಲ್ಲೇ ನಡೆಯಲಿ.

ಜಗಳೂರು ಕಡೆ ಅಜ್ಜಿಗೆ ತವರಿನಿಂದ ಬಂದಿದ್ದ ಹೊಲವನ್ನು ಗಾಳಿ ಕಂಪನಿ, ಅಂದರೆ ಕಣಿವೆ ಪವರ್‌ನವರು, ಕೊಂಡರು. ಎಂಟು ಲಕ್ಷ ಬಂತು. ಅದರಲ್ಲಿ ಅಜ್ಜನ ಊರು ಗೋವಿನಕೋವಿಯ ಹಳೆ ಹಿತ್ತಲಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಂದು ನಲ್ಲಿ ಮಾಡಿಸಿಕೊಳ್ಳುತ್ತೇನೆ ಎಂದು ಅಜ್ಜಿ ಹೇಳಿದ್ದಳು. ಅಜ್ಜ ಹೋದ ಮೇಲೆ ಅವಳು ಹೊನ್ನಾಳಿಯಲ್ಲಿ ನಿಮ್ಮ ಮನೆಯಲ್ಲಿ ಸ್ವಲ್ಪ ದಿನ, ಸಂತೇಬೆನ್ನೂರಿನಲ್ಲಿ ನಮ್ಮ ಮನೆಯಲ್ಲಿ ಸ್ವಲ್ಪ ದಿನ ಇರುತ್ತಾಳೆ. ಎರಡು ಕಡೆಯೂ ಅವಳನ್ನು ಯಾರೂ ಏನೂ ಅನ್ನುವುದಿಲ್ಲ. ಆದರೂ "ನನ್ ಬಾಗ್ಲು, ನನ್ ಚಿಲ್ಕ" ಎಂದು ಅವಳು ಅನ್ನುವುದು ನಿಮ್ಮ ಕಿವಿಗೂ ಬಿದ್ದಿರಬೇಕು.

ಈಗ ನೀವು ಆ ಎಂಟು ಲಕ್ಷವನ್ನೂ ಅದೇ ಕಂಪನಿಯ ಷೇರಿಗೆ ಹಾಕೋಣ ಅನ್ನುತ್ತಿದ್ದೀರಿ. ಅಜ್ಜಿ "ಸುಚಿ ಹೂಂ ಅಂದ್ರೆ ಹಾಕು" ಅಂದಳಂತೆ. ಈ ಕೆಲಸ ನಾನು ಕೇಳಿ ಪಡೆದದ್ದಲ್ಲ. ಕಾಲೇಜಿನಲ್ಲಿ ಮಾಡದ ಪ್ರಯೋಗಕ್ಕೆ ಅಂಕ ಹಾಕಿದಾಗ ಬೇಡ ಎಂದು ಜಗಳವಾಡಿ ಪಿಯುಸಿ ಬಿಟ್ಟು ಬಂದೆ. ನೀವೆಲ್ಲ ಅದನ್ನು ದಡ್ಡತನ ಅಂದಿರಿ. ಅಜ್ಜಿ ಆಗ ಏನೂ ಅನ್ನಲಿಲ್ಲ. ಈಗ ಹೀಗೆ ಅಂದಿದ್ದಾಳೆ.

ಆದ್ದರಿಂದ ಕೇಳುತ್ತೇನೆ. ಈ ಷೇರಿನ ವಿಷಯ ನಿಮಗೆ ಹೇಳಿದವರು ಯಾರು? "ಪಿ.ಇ. ಬರೀ ಆರು" ಎಂದು ನೀವು ಹೇಳುತ್ತಿರುವುದು ಏನು? ಅಷ್ಟು ಒಳ್ಳೆಯ ಷೇರು ಅಷ್ಟು ಅಗ್ಗಕ್ಕೆ ಯಾಕೆ ಬಿದ್ದಿದೆ? ಇದರಲ್ಲಿ ನಿಮಗೆ ಕಮಿಷನ್ ಉಂಟೇ? ನೀವು ಸ್ವತಃ ಈ ಷೇರು ಕೊಂಡಿದ್ದೀರಾ?

ಐದಕ್ಕೂ ಉತ್ತರ ಬೇಕು.

ನಿಮ್ಮ ಅಕ್ಕನ ಮಗಳು,
ಸುಚಿತ್ರಾ

*

ಹೊನ್ನಾಳಿ
19 ಜೂನ್ 2024

ಸುಚಿ,

ನಿನ್ನ ಕಾಗದ ಬಂತು. ಪೋಸ್ಟ್‌ಮನ್ ಅದನ್ನು ಕೋರ್ಟ್ ನೋಟಿಸು ಅಂದುಕೊಂಡು ನನ್ನ ಜೆರಾಕ್ಸ್ ಅಂಗಡಿಗೇ ತಂದುಕೊಟ್ಟ. ಓದಿದರೆ ಅದೂ ಹಾಗೇ ಇತ್ತು.

ಪಿ.ಇ. ಅಂದರೆ ಬ್ರಹ್ಮವಿದ್ಯೆ ಅಲ್ಲ. ಕಣಿವೆ ಪವರ್‌ನ ಒಂದು ಷೇರಿಗೆ ಈಗ 132 ರೂಪಾಯಿ. ಹೋದ ವರ್ಷ ಕಂಪನಿ ಗಳಿಸಿದ ಲಾಭವನ್ನು ಎಲ್ಲ ಷೇರುಗಳಿಗೆ ಹಂಚಿದರೆ ಒಂದು ಷೇರಿಗೆ 22 ರೂಪಾಯಿ ಬೀಳುತ್ತದೆ. 132ನ್ನು 22ರಿಂದ ಭಾಗಿಸು. ಆರು. ಇದೇ ಲಾಭ ಬರುತ್ತಾ ಹೋದರೆ ನೀನು ಕೊಟ್ಟ ಬೆಲೆಯನ್ನು ಕಂಪನಿ ಆರು ವರ್ಷದಲ್ಲಿ ದುಡಿದು ಮುಗಿಸುತ್ತದೆ. ಬೇರೆ ಕರೆಂಟು ಕಂಪನಿಗಳೆಲ್ಲ ಹದಿನಾರು, ಹದಿನೆಂಟರಲ್ಲಿವೆ. ಇದು ಆರು. ಬಿ.ಕಾಂ. ಓದಿದವನು ಇಷ್ಟಾದರೂ ಬಲ್ಲೆ.

ಅದರ ಮೇಲೆ ಇದು ಸೋಪು, ಬಿಸ್ಕತ್ತು ಮಾರುವ ಕಂಪನಿ ಅಲ್ಲ. ಗಾಳಿಯಿಂದ ಕರೆಂಟು ಮಾಡಿ ಮಾರುತ್ತದೆ. ಕೊಳ್ಳುವವರ ಜೊತೆ ಇಪ್ಪತ್ತೈದು ವರ್ಷದ ಕರಾರು. ದರ ಮೊದಲೇ ಗೊತ್ತುಮಾಡಿದ್ದು. ಜನ ಒಂದು ಹೊತ್ತು ಉಪವಾಸ ಇದ್ದಾರು, ಫ್ಯಾನು ಆರಿಸುವುದಿಲ್ಲ. ಇಂಥ ಕಂಪನಿಯ ಲಾಭ ಕುಣಿಯುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ಅವ್ವನ ವಯಸ್ಸಿಗೆ ಇಂಥದ್ದೇ ಸರಿ. ಅವಳ ಹೊಲದಲ್ಲೇ ಅವರ ಕಂಬ ನಿಂತಿದೆ. ಕಣ್ಣಿಗೆ ಕಾಣುವ ಆಸ್ತಿ.

ಅಗ್ಗ ಯಾಕೆ ಅಂದರೆ ಜನಕ್ಕೆ ಇನ್ನೂ ಗೊತ್ತಾಗಿಲ್ಲ. ಹೇಳಿದವರು ನಮ್ಮ ಬೀದಿಯ ಕಂಪ್ಯೂಟರ್ ಕ್ಲಾಸಿನ ಪ್ರವೀಣ್ ಕುಮಾರ್. ಅವರದೊಂದು ಷೇರು ಗುಂಪಿದೆ. ಕಮಿಷನ್ ಒಂದು ಪೈಸೆಯೂ ಇಲ್ಲ. ನನ್ನ ತಾಯಿಯ ದುಡ್ಡಿನಲ್ಲಿ ನಾನು ಕಮಿಷನ್ ಹೊಡೆಯುತ್ತೇನೆ ಎಂದು ಕೇಳುವಷ್ಟು ದೊಡ್ಡವಳಾದೆಯಲ್ಲ, ಸಂತೋಷ.

ಎಂಟು ಲಕ್ಷ ಹದಿನಾರಾಗಲಿ. ಆಮೇಲೆ ಒಂದಲ್ಲ, ಎರಡು ಕೋಣೆ ಕಟ್ಟಿಸೋಣ. ಬೇಗ ಹೂಂ ಅನ್ನು.

ನಿನ್ನ ಮಾವ,
ರಂಗನಾಥ್

*

ಚನ್ನಗಿರಿ
8 ಜುಲೈ 2024

ಮಾವ,

ಲೆಕ್ಕ ಅರ್ಥವಾಯಿತು. ಚೆನ್ನಾಗಿ ಹೇಳಿದ್ದೀರಿ. ಆದರೆ ಐದು ಕೇಳಿದ್ದೆ, ನಾಲ್ಕಕ್ಕೆ ಉತ್ತರ ಬಂದಿದೆ. ಬಿಟ್ಟದ್ದು ಯಾವುದು ಎಂದು ನಿಮಗೆ ಗೊತ್ತು.

ಪ್ರವೀಣ್ ಕುಮಾರ್ ಅವರ ಗುಂಪಿಗೆ ನಾನೂ ಸೇರಿಕೊಂಡೆ. ದಿನಾ ಬೆಳಗ್ಗೆ ರಾಕೆಟ್ ಚಿತ್ರ ಬರುತ್ತದೆ. ಎಲ್ಲರೂ ಕೈಮುಗಿಯುತ್ತಾರೆ. "ಸರ್, ಬೇರೆಯವು ಹದಿನಾರಿದ್ದಾಗ ಇದೊಂದು ಆರು ಯಾಕೆ?" ಎಂದು ಕೇಳಿದೆ. ಮಧ್ಯಾಹ್ನದೊಳಗೆ ನನ್ನನ್ನು ಗುಂಪಿನಿಂದ ತೆಗೆದರು. ಸುಳ್ಳು ಹೇಳಿದ್ದರೂ ಇಷ್ಟು ಅನುಮಾನ ಬರುತ್ತಿರಲಿಲ್ಲ.

ಕಣ್ಣಿಗೆ ಕಾಣುವ ಆಸ್ತಿ ಅಂದಿರಲ್ಲ, ನೋಡಿಕೊಂಡೇ ಬರೋಣ ಎಂದು ಹೋದ ಭಾನುವಾರ ದಾವಣಗೆರೆ ಮೇಲೆ ಜಗಳೂರಿಗೆ ಹೋದೆ. ಅಲ್ಲಿಂದ ಆಟೊ. ಅಜ್ಜಿಯ ಹೊಲದಲ್ಲಿ ನಿಂತಿದ್ದ ಗಾಳಿಯಂತ್ರ ತಿರುಗುತ್ತಿರಲಿಲ್ಲ. ಪಕ್ಕದ್ದೂ ಇಲ್ಲ. ಗಾಳಿ ಮಾತ್ರ ನನ್ನ ವೇಲನ್ನು ಕಿತ್ತುಕೊಂಡು ಹೋಗುವ ಹಾಗಿತ್ತು. ಸಿಕ್ಕಿತು ಕಳ್ಳತನ ಎಂದು ನನಗೆ ಖುಷಿಯೇ ಆಯಿತು. ಕಾವಲಿನ ಬೀರಲಿಂಗಪ್ಪ ಎನ್ನುವವರನ್ನು ಹಿಡಿದುಕೊಂಡೆ.

"ಯಾಕ್ರೀ ನಿಂತಾವೆ? ಕೆಟ್ಟಾವಾ?"

"ಗ್ರೀಸ್ ಹಾಕಾಕೆ ನಿಲ್ಸ್ಯಾರೆ ತಂಗಿ. ನೀ ಯಾರು, ಪೇಪರ್‌ನೋಳಾ?"

"ಅಲ್ಲ. ಈ ಹೊಲ ನಮ್ಮಜ್ಜೀದು."

"ಆಗಿತ್ತು ಅನ್ನು. ಈಗ ಕಂಪ್ನೀದು."

ನಾನು ಬುತ್ತಿ ಬಿಚ್ಚಿ ಉಣ್ಣುವಷ್ಟರಲ್ಲಿ ಎರಡೂ ತಿರುಗತೊಡಗಿದವು. ಆದ್ದರಿಂದ ನನ್ನ ಆ ಅನುಮಾನ ತಪ್ಪು. ಯಂತ್ರಗಳು ಸರಿಯಾಗಿವೆ. ತಪ್ಪನ್ನು ತಪ್ಪೆಂದೇ ಬರೆಯುತ್ತೇನೆ.

ಆದರೆ ಹೊರಡುವಾಗ ಸುಮ್ಮನೆ ಕೇಳಿದೆ, ಈಚೆಗೆ ಹೊಸ ಯಂತ್ರ ಎಷ್ಟು ಬಂದವು ಎಂದು. ಬೀರಲಿಂಗಪ್ಪ ನಕ್ಕರು. "ಎಲ್ಲಿ ಹೊಸವು? ನಾ ಬಂದಾಗ್ಲಿಂದ ಇವೇ. ಇಲ್ಲೂ ಇವೇ, ಬ್ಯಾರೆ ಗುಡ್ಡದ ಮ್ಯಾಲೂ ಅವೇ. ನಿಮ್ ಹೊಲದಾಗೆ ಐತಲ್ಲ, ಅದು ಆ ಕಡೆಯಿಂದ ಕಿತ್ ತಂದು ನೆಟ್ಟಿದ್ದು."

ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹಿಂದಿನ ವರ್ಷಗಳ ಲಾಭ ತೆಗೆದೆ. ಒಂದು ಷೇರಿಗೆ ಆರು ರೂಪಾಯಿ, ಏಳು, ಮತ್ತೆ ಏಳು. ಹೋದ ವರ್ಷ ಒಮ್ಮೆಗೇ ಇಪ್ಪತ್ತೆರಡು. ಯಂತ್ರ ಅವೇ. ದರ ಮೊದಲೇ ಗೊತ್ತುಮಾಡಿದ್ದು ಎಂದು ನೀವೇ ಬರೆದಿದ್ದೀರಿ. ಗಾಳಿ ಮೂರು ಪಟ್ಟು ಬೀಸಿದ್ದರೆ ಜಗಳೂರು ಜಗಳೂರಲ್ಲಿ ಇರುತ್ತಿರಲಿಲ್ಲ. ಹಾಗಾದರೆ ಕೂತಲ್ಲೇ ಕೂತಿರಬೇಕಾದ ಲಾಭ ಎದ್ದು ಕುಣಿದದ್ದು ಹೇಗೆ?

ಇದಕ್ಕೆ ಉತ್ತರ ಸಿಗುವ ತನಕ ಹೂಂ ಇಲ್ಲ.

ಸುಚಿತ್ರಾ

*

ಹೊನ್ನಾಳಿ
15 ಜುಲೈ 2024

ಸುಚಿ,

ಲಾಭ ಜಾಸ್ತಿ ಬಂದರೂ ಅನುಮಾನ, ಕಡಿಮೆ ಬಂದರೂ ಅನುಮಾನ. ಹಾಗಾದರೆ ಈ ಭೂಮಿ ಮೇಲೆ ನಿನಗೆ ಯಾವ ಕಂಪನಿ ಸರಿ ಕಾಣುತ್ತದೆ ಹೇಳು. ಪೆಟ್ರೋಲ್ ಬಂಕಿನಲ್ಲಿ ಆರು ತಿಂಗಳು ನಿಲ್ಲಲಿಲ್ಲ, ಟೈಲರಿಂಗ್ ಕಲಿಯಲಿಲ್ಲ, ಈಗ ಆ ಅಡಿಕೆ ಮಂಡಿಯಲ್ಲಿ ಎಷ್ಟು ದಿನವೋ. ಎಲ್ಲ ಕಡೆಯೂ ಯಾರಲ್ಲೋ ಏನೋ ತಪ್ಪು ಕಂಡುಹಿಡಿದು ಬಂದೆ. ಮನೆಯವರ ಮೇಲಾದರೂ ನಂಬಿಕೆ ಇರಬೇಕು.

ಷೇರು ಇವತ್ತು 140. ನಿನ್ನ ಜಗಳೂರು ಪ್ರವಾಸದಿಂದ ಅವ್ವನಿಗೆ ಆದ ನಷ್ಟ ಎಷ್ಟು ಎಂದು ನೀನೇ ಲೆಕ್ಕ ಹಾಕಿಕೋ.

ರಂಗನಾಥ್

*

ಹೊನ್ನಾಳಿ
22 ಜುಲೈ 2024

ಸುಚಿಗೆ ನಿಮ್ಮಜ್ಜಿ ಗಿಡ್ಡಮ್ಮ ಹೇಳಿ ಬರೆಸೋದು ಏನಂದ್ರೆ,

ನೀನು ನನ್ ಹೊಲ ನೋಡಾಕೆ ಹೋಗಿದ್ದೆ ಅಂತ ಗೊತ್ತಾತು. ಬೇಲಿ ಹತ್ರ ಒಂದು ಹುಣಸೆ ಗಿಡ ಇತ್ತು, ಐತಾ ಕಡಿದ್ರಾ ಬರಿ. ನಿನ್ ಮಾವ ನನ್ ಮುಂದೆ ದಿನಾ ಆರು ಆರು ಅಂತಾನೆ. ನಂಗೆ ಆರೂ ತಿಳಿಯಲ್ಲ, ಅರವತ್ತೂ ತಿಳಿಯಲ್ಲ. ನಂಗೆ ತಿಳಿಯೋದು ಇಷ್ಟೇ. ನನ್ ಹೊಲದಾಗೆ ನಿಂತಿರೋ ಕಂಬ ಅಂದ್ರೆ ನನ್ ಹೊಲ ಇನ್ನೂ ನಂದೇ ಅನ್ನಿಸ್ತೈತೆ. ಅದ್ಕೇ ಹಾಕಾನ ಅನ್ನಿಸಿತ್ತು. ಬ್ಯಾಡ ಅಂದ್ರೂ ಬ್ಯಾಸರ ಇಲ್ಲ.

ಅವ್ನು ನನ್ ಮಗ. ಬ್ಯಾಡ ಅಂತ ಅವ್ನ ಮಖ ನೋಡಿ ಅನ್ನಾಕೆ ನನ್ ಕೈಲಿ ಆಗಲ್ಲ. ಅದ್ಕೇ ನಿನ್ ಮ್ಯಾಲೆ ಹಾಕಿದ್ದು. ನೀನು ಹೆಂಗಿದ್ರೂ ಅನ್ನೋಳು. ಬೈಸ್ಕೊ.

ಗಿಡ್ಡಮ್ಮ

ಸುಚಿ ಅಕ್ಕ, ಬರೆದುಕೊಟ್ಟವಳು ನಾನು, ಶಾಂತಲಾ. ಅಜ್ಜಿ ಹೇಳಿದ್ದನ್ನು ಒಂದಕ್ಷರ ಬದಲಾಯಿಸಿಲ್ಲ. ಒಂದು ನನ್ನ ಮಾತು: ಅಪ್ಪ ಊಟ ಮಾಡುವಾಗಲೂ ಫೋನ್ ನೋಡುತ್ತಿರುತ್ತಾರೆ. ಅಮ್ಮ ಚೀಟಿ ಎತ್ತಿದ ದುಡ್ಡನ್ನು ಅಪ್ಪ ಪೋಸ್ಟ್ ಆಫೀಸಿಗೆ ಹಾಕಿದ್ದಾರಲ್ಲ, ಆ ಪಾಸ್‌ಬುಕ್ ಎಲ್ಲಿ ಎಂದು ಅಮ್ಮ ಕೇಳಿದ್ದಕ್ಕೆ ಮೊನ್ನೆ ಸುಮ್ಮಸುಮ್ಮನೆ ರೇಗಿದರು. ನಾನು ಹೇಳಿದೆ ಎಂದು ಹೇಳಬೇಡಿ.

*

ಚನ್ನಗಿರಿ
12 ಆಗಸ್ಟ್ 2024

ಮಾವ,

ಅಜ್ಜಿಗೆ ಹೇಳಿ, ಹುಣಸೆಮರ ಇದೆ. ಬೀರಲಿಂಗಪ್ಪ ಅದರ ಕೆಳಗೇ ಕುರ್ಚಿ ಹಾಕಿಕೊಂಡಿದ್ದಾರೆ.

ಲಾಭ ಕುಣಿದದ್ದು ಹೇಗೆ ಎಂದು ಗೊತ್ತಾಯಿತು. ಗೊತ್ತಾದದ್ದು ಅಡಿಕೆ ತೋಟದಲ್ಲಿ. ನಮ್ಮ ಮಂಡಿಯ ಶಿವಮೂರ್ತಪ್ಪ ಸಾಹುಕಾರರಿಗೆ ಮೊಣಕಾಲು ನೋವು, ಸ್ಕೂಟರ್ ಹೊಡೆಯಲು ಆಗುವುದಿಲ್ಲ. ಹೊರಗೆ ಹೋಗುವಾಗ ನಾನು ಹೊಡೆಯುತ್ತೇನೆ. ಹೋದ ವಾರ ಸಂತೇಬೆನ್ನೂರು ದಾರಿಯಲ್ಲಿ ದಾಸಪ್ಪ ಎನ್ನುವವರ ತೋಟ ಮಾರಾಟಕ್ಕಿದೆ ಎಂದು ನೋಡಲು ಹೋದೆವು. ದಾಸಪ್ಪ ಒಂದು ಕೋಟಿ ಇಪ್ಪತ್ತು ಲಕ್ಷ ಹೇಳಿದರು.

"ಹೋದ್ ವರ್ಷ ಈ ತೋಟ ಇಪ್ಪತ್ತು ಲಕ್ಷ ಕೊಟ್ಟೈತೆ ಸಾವ್ಕಾರ್ರೆ. ಆರು ವರ್ಷಕ್ಕೆ ನಿಮ್ ದುಡ್ಡು ನಿಮ್ ಕೈಗೆ. ಬೇಕಾರೆ ಮಂಡಿ ಪಟ್ಟಿ ತೋರಿಸ್ತೀನಿ."

ಆರು ಎಂದ ಕೂಡಲೇ ನನ್ನ ಕಿವಿ ನಿಮಿರಿತು.

ಸಾಹುಕಾರರು ಎಲೆಗೆ ಸುಣ್ಣ ಸವರುತ್ತಾ ಹೇಳಿದರು: "ಪಟ್ಟಿ ಸುಳ್ಳು ಅಂದ್ನೇನಪ್ಪ ನಾನು? ಹೋದ್ ವರ್ಷ ರೇಟು ಏರ್ತಲ್ಲ. ಆಗ ಮನಿಯಾಗೆ ಇಟ್ಟಿದ್ದ ಹಳೇ ಚೀಲ ಎಷ್ಟು ಮಾರಿದೆ, ಅದು ಹೇಳು."

ದಾಸಪ್ಪ ತಲೆ ಕೆರೆದುಕೊಂಡು ನಕ್ಕರು. "ಅವೂ ಈ ತೋಟದ್ದೇ ಅಲ್ಲೇನ್ರಿ?"

"ತೋಟದ್ದೇ. ಒಂದ್ ವರ್ಷದ್ದು ಅಲ್ಲ."

ಮೂರು ವರ್ಷ ಒಂದಿಷ್ಟು ಮಾರದೆ ಇಟ್ಟುಕೊಂಡಿದ್ದ ಅಡಿಕೆ, ಹೋದ ವರ್ಷದ ಫಸಲು, ಎಲ್ಲ ಒಟ್ಟಿಗೆ ಮಾರಿ ಬಂದದ್ದು ಇಪ್ಪತ್ತು. ಒಂದು ವರ್ಷದ್ದು ಏಳೋ ಎಂಟೋ. ದಾಸಪ್ಪ ಸುಳ್ಳು ಹೇಳಲಿಲ್ಲ. ಇಪ್ಪತ್ತು ಬಂದದ್ದು ನಿಜ. ಮುಂದಿನ ವರ್ಷ ಬರುವುದಿಲ್ಲ ಎನ್ನುವುದೂ ನಿಜ. ನಮ್ಮ ಕಡೆ ಅಡಿಕೆ ಇಟ್ಟುಕೊಂಡು ಮಾರುವುದು ಎಲ್ಲ ಮನೆಯಲ್ಲೂ ಇದೆ, ಆದ್ದರಿಂದಲೇ ಸಾಹುಕಾರರು ಮೊದಲು ಅದನ್ನೇ ಕೇಳಿದ್ದು. ಷೇರಿನ ವಿಷಯದಲ್ಲಿ ನಾವಿಬ್ಬರೂ ಅದನ್ನು ಕೇಳಲಿಲ್ಲ.

ಮರುದಿನ ಕಣಿವೆ ಪವರ್‌ನ ಆಫೀಸಿಗೆ ಫೋನ್ ಮಾಡಿದೆ. ಹೋದ ವರ್ಷದ ಲಾಭದಲ್ಲಿ ಹಳೇ ಚೀಲ ಎಷ್ಟು ಎಂದು ಕೇಳಿದೆ. ಆ ಹೆಂಗಸಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಆಗ ಅವರು ಹೇಳಿದರು: ಕರೆಂಟು ಕೊಳ್ಳುವವರ ಜೊತೆ ಹಳೆಯ ದರದ ತಕರಾರು ಇತ್ತಂತೆ. ಅದು ತೀರ್ಮಾನವಾಗಿ, ಹಲವು ವರ್ಷಗಳ ಬಾಕಿ ಹೋದ ವರ್ಷ ಒಮ್ಮೆಗೇ ಬಂತಂತೆ. ಷೇರಿಗೆ ಹದಿನೈದು ರೂಪಾಯಿಯಷ್ಟು. "ನಾವು ಮುಚ್ಚಿಟ್ಟಿಲ್ಲ ಮೇಡಂ, ವಾರ್ಷಿಕ ವರದಿಯಲ್ಲೇ ಇದೆ" ಎಂದರು. ನೋಡಿದೆ, ಇದೆ. ಯಾರೂ ಮುಚ್ಚಿಟ್ಟಿರಲಿಲ್ಲ.

ಇಪ್ಪತ್ತೆರಡರಲ್ಲಿ ಹದಿನೈದು ಹೋದರೆ ಏಳು. ನೀವು ಹೇಳಿದ 132ನ್ನು ಏಳರಿಂದ ಭಾಗಿಸಿದರೆ ಹತ್ತೊಂಬತ್ತು. ಬೇರೆಯವು ಹದಿನಾರು, ಹದಿನೆಂಟು. ಇದು ಅಗ್ಗದ ಷೇರಲ್ಲ ಮಾವ. ಇದ್ದುದರಲ್ಲಿ ತುಟ್ಟಿ.

ಆದ್ದರಿಂದ ಹೂಂ ಇಲ್ಲ. ಅಜ್ಜಿ ಮನೆ ಕಟ್ಟಿಸಿಕೊಳ್ಳಲಿ.

ಕಮಿಷನ್ ವಿಷಯದಲ್ಲಿ ನಿಮ್ಮ ಮೇಲೆ ಅನುಮಾನಪಟ್ಟೆ. ಅದಿಲ್ಲ ಎಂದು ಈಗ ನಂಬುತ್ತೇನೆ. ಆದರೆ ಕಮಿಷನ್ ಇಲ್ಲದೆ ಒಬ್ಬರು ಇಷ್ಟು ಅವಸರ ಯಾಕೆ ಮಾಡುತ್ತಾರೆ ಎನ್ನುವುದು ನನಗೆ ಇನ್ನೂ ತಿಳಿಯುತ್ತಿಲ್ಲ. ಐದನೆಯ ಪ್ರಶ್ನೆ ಹಾಗೇ ಉಳಿದಿದೆ.

ಸುಚಿತ್ರಾ

*

ಚನ್ನಗಿರಿ
30 ಸೆಪ್ಟೆಂಬರ್ 2024

ಅಜ್ಜಿ,

ಶಾಂತಲಾ, ಇದನ್ನು ಅಜ್ಜಿಗೆ ಪೂರ್ತಿ ಓದಿ ಹೇಳು. ಬೇಸರವಾಗುತ್ತದೆ ಎಂದು ಎಲ್ಲೂ ಹಾರಿಸಬೇಡ.

ಅಜ್ಜಿ, ನಾನು ಬೇಡ ಅಂದ ಷೇರು ಏರಿದೆ. ಇವತ್ತು 168. ಮಾವ ನನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ, ಬೆಲೆಯ ಚಿತ್ರವನ್ನಷ್ಟೇ ಫೋನಿಗೆ ಕಳಿಸಿದರು. ಜೂನ್ ತಿಂಗಳಲ್ಲೇ ಹೂಂ ಅಂದಿದ್ದರೆ ನಿನ್ನ ಎಂಟು ಲಕ್ಷ ಇವತ್ತು ಹತ್ತು ಲಕ್ಷವಾಗಿರುತ್ತಿತ್ತು. ಇದನ್ನು ನಿನಗೆ ಬೇರೆ ಯಾರೋ ಹೇಳುವ ಮೊದಲು ನಾನೇ ಹೇಳಬೇಕು.

ನನ್ನ ಲೆಕ್ಕ ತಪ್ಪಿದೆಯೇ ಎಂದು ಮತ್ತೆ ಮತ್ತೆ ನೋಡಿದೆ. ಒಂದು ವಾರ ಬೇರೆಯವರನ್ನು ಬಿಟ್ಟು ನನ್ನ ಮೇಲೆಯೇ ಅನುಮಾನಪಟ್ಟೆ. ಮಾವನ ಮಾತಿಗೆ ಇಲ್ಲ ಅನ್ನುವುದೇ ನನಗೆ ಬೇಕಿತ್ತೇನೋ, ಅದಕ್ಕೆ ತಕ್ಕ ಲೆಕ್ಕ ಹುಡುಕಿದೆನೇನೋ ಎಂದೂ ಯೋಚಿಸಿದೆ. ಆದರೆ ಏಳು ಏಳೇ. ಈಗ 168ನ್ನು ಏಳರಿಂದ ಭಾಗಿಸಿದರೆ ಇಪ್ಪತ್ನಾಲ್ಕು. ಇನ್ನೂ ತುಟ್ಟಿಯಾಗಿದೆ. ಜನ ಕೊಳ್ಳುತ್ತಿದ್ದಾರೆ, ಏರುತ್ತಿದೆ. ಎಲ್ಲಿಯ ತನಕ ಏರುತ್ತದೆ ಎಂದು ನನಗೆ ಗೊತ್ತಿಲ್ಲ. ಇಳಿಯುತ್ತದೆ ಎಂದು ಪ್ರಮಾಣ ಮಾಡಿ ಹೇಳಲೂ ಆಗುವುದಿಲ್ಲ.

ಈಗಲೂ ನನ್ನ ಹೂಂ ಇಲ್ಲ. ಆದರೆ ದುಡ್ಡು ನಿನ್ನದು. ನಿನಗೆ ಹಾಕಬೇಕು ಅನ್ನಿಸಿದರೆ ನನ್ನನ್ನು ಕೇಳಬೇಡ, ಹಾಕು.

ಸುಚಿ

*

ಹೊನ್ನಾಳಿ
9 ಅಕ್ಟೋಬರ್ 2024

ಸುಚಿಗೆ,

ಶಾಂತಲಾ ಓದಿದ್ಲು. ಹಾರಿಸ್ದಂಗೇ ಓದಿದ್ಲು. ಎರಡು ಲಕ್ಷ ಹೋತು ಅಂತೀಯ. ಬಂದಿದ್ರೆ ಹೋಗ್ತಿತ್ತು. ಬರ್ಲೇ ಇಲ್ವಲ್ಲೇ.

ನಿನ್ ಮಾವ ನಿನ್ನೆ ಮೀಸೆ ತಿರುವ್ತಾ ಕೂತಿದ್ದ. ನಿನ್ ಮೊಮ್ಮಗಳು ನೋಡವ್ವ ಅಂದ. ನೋಡ್ತಾ ಇದೀನಪ್ಪ ಅಂದೆ. ಅಷ್ಟು ಖುಷಿ ಇದ್ದೋನು ತುತ್ತು ಎತ್ತಿದ್ ಕೈ ಹಂಗೇ ಇಟ್ಕಂಡು ಫೋನ್ ಯಾಕೆ ನೋಡ್ತಾನೆ, ಅದು ನಂಗೆ ತಿಳೀವಲ್ದು.

ಗೋವಿನಕೋವಿಯಾಗೆ ದಸರಾ ಮುಗೀತಿದ್ದಂಗೆ ಪಾಯ ತೆಗಿಸ್ತೀನಿ. ಗೌಂಡಿ ಕಲ್ಲೇಶಪ್ಪಂಗೆ ಹೇಳ್ಯಾತು. ಬಾಗ್ಲು ಬೇವಿನ್ದು. ಚಿಲ್ಕ ತರಾಕೆ ನಿನ್ ಮಾವಂಗೇ ಹೇಳೀನಿ. ದುಡ್ಡು ಕೊಡಾಕೆ ಆಗ್ಲಿಲ್ಲ ಅವಂಗೆ, ಒಂದ್ ಕೆಲ್ಸನಾರ ಕೊಡಾನ ಅಂತ. ಗಟ್ಟಿದ್ದು ನೋಡ್ಕಂಡು ತಾ ಅಂದೀನಿ.

ಗಿಡ್ಡಮ್ಮ

*

ಹೊನ್ನಾಳಿ
29 ಮೇ 2025

ಸುಚಿ,

ಬಹಳ ದಿನವಾಯಿತು ಬರೆದು. ಅವ್ವನ ಮನೆ ಗಿಲಾವು ಮುಗಿದಿದೆ, ಮುಂದಿನ ತಿಂಗಳು ಹಾಲುಕ್ಕಿಸುತ್ತಾರೆ. ನೀನು ಬರಬೇಕು.

ಇನ್ನೊಂದು ವಿಷಯ. ನನ್ನ ಸ್ನೇಹಿತರೊಬ್ಬರಿಗಾಗಿ ಕೇಳುತ್ತಿದ್ದೇನೆ. ಅವರ ಹತ್ತಿರ ಕಣಿವೆ ಪವರ್ ಷೇರುಗಳಿವೆ. ಹೋದ ವಾರ ಕಂಪನಿ ಈ ವರ್ಷದ ಲಾಭ ಹೇಳಿತು. ಒಂದು ಷೇರಿಗೆ ಏಳು ರೂಪಾಯಿ. ಬೆಲೆ ಬಿದ್ದು ಬಿದ್ದು 104ಕ್ಕೆ ಬಂದಿದೆ. ಅವರು ಕೊಂಡದ್ದು 141ಕ್ಕೆ. ನೂರ ಅರವತ್ತೆಂಟು ಆದಾಗ ಮಾರಬಹುದಿತ್ತು. ಆಗ 22ರಿಂದ ಭಾಗಿಸಿದರೆ ಏಳೂವರೆ ಬರುತ್ತಿತ್ತು, ಇನ್ನೂ ಅಗ್ಗವೇ ಇದೆ ಎಂದು ಹಿಡಿದುಕೊಂಡರು.

ಅವರಿಗೆ ತಿಳಿಯದೇ ಇರುವುದು ಇದು. 132 ಇದ್ದಾಗ ಪಿ.ಇ. ಆರು. ಈಗ 104ಕ್ಕೆ ಇಳಿದಿದೆ, ಫೋನಿನಲ್ಲಿ ಪಿ.ಇ. ಹದಿನೈದು ಎಂದು ತೋರಿಸುತ್ತಿದೆ. ಬೆಲೆ ಇಳಿದರೆ ಷೇರು ಅಗ್ಗವಾಗಬೇಕಲ್ಲ, ತುಟ್ಟಿಯಾದದ್ದು ಹೇಗೆ? ಪ್ರವೀಣ್ ಕುಮಾರ್ ಗುಂಪು ಮುಚ್ಚಿದ್ದಾರೆ. ಫೋನ್ ಎತ್ತುವುದಿಲ್ಲ. ಹದಿನೈದು ಆದ ಮೇಲೆ ಇಟ್ಟುಕೊಳ್ಳಬಾರದು, ಬಂದಷ್ಟು ಬರಲಿ ಎಂದು ಮಾರಿಬಿಡುತ್ತೇನೆ ಎನ್ನುತ್ತಾರೆ ಆ ಸ್ನೇಹಿತರು.

ನೀನೇನನ್ನುತ್ತೀಯ?

ಮಾವ

*

ಚನ್ನಗಿರಿ
3 ಜೂನ್ 2025

ಮಾವ,

ನಿಮ್ಮ ಸ್ನೇಹಿತರಿಗೆ ಹೇಳಿ, ಷೇರು ತುಟ್ಟಿಯಾಗಿಲ್ಲ. ಹಳೇ ಚೀಲ ಮುಗಿದವು, ಅಷ್ಟೇ. ಭಾಗಿಸುವ ಸಂಖ್ಯೆ 22 ಇದ್ದದ್ದು 7 ಆಯಿತು. ಆರು ಎನ್ನುವುದು ಯಾವತ್ತೂ ಆರು ಆಗಿರಲಿಲ್ಲ, ಅವತ್ತೂ ಅದು ಹತ್ತೊಂಬತ್ತೇ. ಅವರು ಕೊಂಡ ದಿನ 141ನ್ನು ಏಳರಿಂದ ಭಾಗಿಸಿದ್ದರೆ ಇಪ್ಪತ್ತು. ಹತ್ತೊಂಬತ್ತರಿಂದ ಹದಿನೈದಕ್ಕೆ ಬಂದಿದೆ ಎಂದರೆ ಷೇರು ಅಗ್ಗವೇ ಆಗಿದೆ.

ಆದ್ದರಿಂದ ಪಿ.ಇ. ಏರಿತು ಎನ್ನುವ ಕಾರಣಕ್ಕೆ ಮಾರಬೇಡಿ ಎಂದು ಹೇಳಿ. ಹೋದ ವರ್ಷ ಅದು ಇಲ್ಲದ ಬೆಲೆಗೆ ಹೋಗುತ್ತಿತ್ತು. ಈಗ ಹೆಚ್ಚುಕಡಿಮೆ ತನ್ನ ಬೆಲೆಗೆ ಬಂದಿದೆ. ಯಂತ್ರಗಳು ತಿರುಗುತ್ತಿವೆ, ನಾನೇ ನೋಡಿದ್ದೇನೆ. ಅಷ್ಟಾದರೂ ಮತ್ತೆ 141 ಆಗುತ್ತದೆ ಎಂದು ನಾನು ಹೇಳುವುದಿಲ್ಲ. ನನಗೆ ಗೊತ್ತಿಲ್ಲ.

ಇನ್ನು ಸ್ನೇಹಿತರು. ಮಾವ, ನಿಮಗೆ 141ಕ್ಕೆ ಷೇರು ಕೊಂಡು ಒಂದು ವರ್ಷ ನಿದ್ದೆಗೆಡುವ ಸ್ನೇಹಿತರಿಲ್ಲ. ನೀವು ಸ್ವತಃ ಕೊಂಡಿದ್ದೀರಾ ಎನ್ನುವ ಐದನೆಯ ಪ್ರಶ್ನೆಗೆ ಹನ್ನೆರಡು ತಿಂಗಳ ಮೇಲೆ ಉತ್ತರ ಬಂತು ಎಂದುಕೊಳ್ಳುತ್ತೇನೆ. ನಾನು ಕೇಳಿದಾಗ ಷೇರು 132 ಇತ್ತು. ನೀವು ಆಗಲೇ ನಷ್ಟದಲ್ಲಿದ್ದಿರಿ. ಅಜ್ಜಿಯ ದುಡ್ಡೂ ಅದರಲ್ಲೇ ಇದ್ದರೆ ಹೆದರಿಕೆಗೆ ಜೊತೆಯಾಗುತ್ತದೆ ಎನ್ನಿಸಿತೇ? ಇದನ್ನು ನಾನು ಊಹಿಸಲಿಲ್ಲ. ಕಮಿಷನ್, ಮೋಸ, ಏನೇನೋ ಊಹಿಸಿದೆ. ಇಷ್ಟು ಸಣ್ಣದನ್ನು ಊಹಿಸಲಿಲ್ಲ.

ಆ ದುಡ್ಡು ಯಾರದು ಎಂದೂ ನನಗೆ ಅನುಮಾನವಿದೆ. ಅತ್ತೆ ಚೀಟಿಯ ದುಡ್ಡು ಪೋಸ್ಟ್ ಆಫೀಸಿನಲ್ಲಿದೆ ಎಂದುಕೊಂಡಿದ್ದಾಳೆ. ಹಾಲುಕ್ಕಿಸುವ ದಿನ ನಾನು ಬರುವುದಿಲ್ಲ, ಮಂಡಿಯಲ್ಲಿ ಅವತ್ತು ಬಿಡುವಿಲ್ಲ. ಅದೂ ಅರ್ಧ ಕಾರಣ. ಬಂದರೆ ಅತ್ತೆ ಪಕ್ಕದಲ್ಲಿ ಕೂತು ಏನಾದರೂ ಕೇಳುತ್ತಾಳೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಿಮಗೆ ಗೊತ್ತು. ನಾನು ಮತ್ತೆ ಬರುವ ಮೊದಲು ನೀವೇ ಹೇಳಿಬಿಡಿ.

ಸುಚಿ

*

ಗೋವಿನಕೋವಿ
15 ಜೂನ್ 2025

ಸುಚಿ,

ಬೆಳಗ್ಗೆ ಹಾಲುಕ್ಕಿಸಿದರು. ನಿಮ್ಮಮ್ಮ ಬಂದಿದ್ದಳು, ಉಂಡು ಮಧ್ಯಾಹ್ನದ ಬಸ್ಸಿಗೆ ಹೋದಳು. ನೀನು ಬರಲಿಲ್ಲ ಎಂದು ಅವ್ವ ಮೂರು ಸಲ ಅಂದಳು.

ನಿನ್ನ ಕಾಗದವನ್ನು ಹತ್ತು ದಿನ ಜೇಬಿನಲ್ಲಿಟ್ಟುಕೊಂಡಿದ್ದೆ. ಆಗ ಕೊಳ್ಳಬೇಡ ಅಂದವಳು ಈಗ ಮಾರಬೇಡ ಅನ್ನುತ್ತಾಳಲ್ಲ, ಇವಳಿಗೆ ಯಾರು ಕಮಿಷನ್ ಕೊಡುತ್ತಿದ್ದಾರೆ ಎಂದು ಒಂದು ದಿನ ಪೂರ್ತಿ ಯೋಚಿಸಿದೆ. ಸುಳ್ಳಲ್ಲ. ಆಮೇಲೆ 104ನ್ನು ಏಳರಿಂದ ನಾನೇ ಭಾಗಿಸಿ ನೋಡಿದೆ. ಮಾರಲಿಲ್ಲ.

ನೀನು ಊಹಿಸಿದ್ದು ಸರಿ. ಅಳಿಸಿದ ಎರಡು ಮೆಸೇಜಿನಲ್ಲೂ ಅದನ್ನೇ ಬರೆದಿದ್ದೆ. ನಾನೂ ಹಾಕಿದ್ದೇನೆ, ಹೆದರಿಕೆಯಾಗುತ್ತಿದೆ ಎಂದು. ನೀನು ನೋಡುವ ಮೊದಲು ನಾಚಿಕೆಯಾಯಿತು. ಬಿ.ಕಾಂ. ಓದಿದವನು.

ಎಲ್ಲರೂ ಹೋದ ಮೇಲೆ ನಿಮ್ಮತ್ತೆ ಪ್ರೇಮಾಗೆ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. "ಪೋಸ್ಟ್ ಆಫೀಸು ಅಂದಿದ್ರಲ್ಲ" ಎಂದಳು. "ಅಂದಿದ್ದೆ" ಎಂದೆ. ಕೈ ಒರೆಸಿಕೊಂಡು ಒಳಗೆ ಹೋದಳು. ಅವ್ವ ಒಳಗೇ ಇದ್ದಳು. ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಹೊಸ ಮನೆಯಲ್ಲಿ ಆ ಚಿಲಕ ಹಾಕಿದ್ದು ಅದೇ ಮೊದಲು.

ನಾನು ಹೊರಗೆ ಮೆಟ್ಟಿಲ ಮೇಲೆ ಕೂತು, ಶಾಂತಲಾಳ ಪುಸ್ತಕದಿಂದ ಹಾಳೆ ಹರಿದುಕೊಂಡು ಇದನ್ನು ಬರೆಯುತ್ತಿದ್ದೇನೆ. ಸಂಜೆಯಾಗಿದೆ. ಶಾಂತಲಾಳೂ ಒಳಗೇ ಇದ್ದಾಳೆ. ಆಗಾಗ ಮೂವರ ಮಾತು ಕೇಳಿಸುತ್ತದೆ. ನನ್ನ ಹೆಸರು ಬಂದಾಗ ಮಾತ್ರ ದನಿ ತಗ್ಗುತ್ತದೆ. ಒಂದು ಸಲ ತಟ್ಟಿದೆ. "ಯಾರದು?" ಎಂದಳು ಅವ್ವ. ನಾನು ಅಂದೆ. "ಕೂತಿರು. ಇದು ನನ್ ಮನಿ. ನಂಗೆ ಯಾವಾಗ ತೆಗೀಬೇಕು ಅನ್ನಿಸ್ತೈತೋ ಆಗ ತೆಗಿತೀನಿ."

ಒಳಗಿನಿಂದ ಒಗ್ಗರಣೆ ವಾಸನೆ ಬರುತ್ತಿದೆ. ಎಷ್ಟು ಜನಕ್ಕೆ ಅಂತ ತಿಳಿಯುತ್ತಿಲ್ಲ. ಬಾಗಿಲನ್ನು ಸ್ವಲ್ಪ ನೂಕಿಯೂ ನೋಡಿದೆ, ಅಲುಗಲಿಲ್ಲ. ಹೊನ್ನಾಳಿಯ ಅಂಗಡಿಯಲ್ಲಿ ನಾಲ್ಕಾರು ಚಿಲಕ ತೆಗೆಸಿ, ಜಗ್ಗಿ ನೋಡಿ, ಅದರಲ್ಲಿ ಗಟ್ಟಿಯಾದದ್ದನ್ನು ನಾನೇ ಆರಿಸಿ ತಂದಿದ್ದೆ.

ನಿನ್ನ ಮಾವ,
ರಂಗನಾಥ್